ನಾನು ತೆಗೆಸಿದ ಮೊದಲ ಪ್ಯಾರಾ

ಗುರುವಾರ ಸಂಜೆ ನೈರೋಬಿಯ ಹೈರಿಡ್ಜ್‌ನ ನಮ್ಮ ಮನೆಯ ಊಟದ ಮೇಜೇ ನನ್ನ ಗುರುಪೀಠ. ರಸ್ತೆಯ ಮಟಾಟು ವ್ಯಾನುಗಳ ಹಾಡು ಕೇಳದಂತೆ ಕಿಟಕಿ ಮುಚ್ಚಿ ಲ್ಯಾಪ್‌ಟಾಪ್ ತೆರೆದರೆ, ಆ ಕಡೆ ದೂರದ ಉತ್ತರದ ಬಯಲುಸೀಮೆಯ ಹುಡುಗಿ. ಒಂಟೆ ಸಾಕುವ ಅವಳ ಜನರಲ್ಲಿ ಪಶುರೋಗಗಳ ಸಂಶೋಧನೆಯವರೆಗೂ ಓದಿದವಳು ಅವಳೊಬ್ಬಳೇ. ಅಂಥವರಿಗೆ ನನ್ನಂಥ ಹಳೆಯ ಪಶುವೈದ್ಯರನ್ನು ಆನ್‌ಲೈನ್‌ನಲ್ಲಿ ಜೊತೆ ಮಾಡಿಕೊಡುವ ಯೋಜನೆಯೊಂದಿತ್ತು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ, ನಡುನಡುವೆ ಸ್ವಾಹಿಲಿ. ಅವಳ ಹಿಂದೆ ತಗಡಿನ ಗೋಡೆ, ಅದಕ್ಕೊರಗಿ ಕೂತ ಅಜ್ಜಿ. ಅಜ್ಜಿ ಆಗಾಗ ಬಗ್ಗಿ ನನ್ನನ್ನು ನೋಡಿ ನಗುತ್ತಿದ್ದಳು.

ಹುಡುಗಿ ಎರಡು ವರ್ಷದ ಫೆಲೋಶಿಪ್‌ಗೆ ಅರ್ಜಿ ಬರೆದಳು. ಸಿಗದಿದ್ದರೆ ಸಂಶೋಧನೆ ಬಿಟ್ಟು ಔಷಧಿ ಮಾರುವ ಕೆಲಸಕ್ಕೆ ಸೇರಬೇಕಿತ್ತು. ಅರ್ಜಿಯ ಮೊದಲ ಪ್ಯಾರಾದಲ್ಲೇ ಅಜ್ಜಿ ಇದ್ದಳು. ಒಂಟೆಯ ಮೂತ್ರ ಬಿದ್ದ ಮರಳನ್ನು ಮೂಸಿ, ಇದಕ್ಕೆ ಜ್ವರ ಹತ್ತಿದೆ ಎನ್ನುತ್ತಿದ್ದಳಂತೆ. ಆ ವಾಸನೆಯಲ್ಲಿ ಏನಿದೆ ಎಂಬುದೇ ಮೊಮ್ಮಗಳ ಸಂಶೋಧನೆ.

"ಇದನ್ನ ತೆಗೆದುಬಿಡಮ್ಮ. ಓದಿದೋರು ನಗ್ತಾರೆ. ನೇರವಾಗಿ ವಿಷಯಕ್ಕೆ ಬಾ" ಎಂದೆ.

ಅವಳು ತಿರುಗಿ ಅಜ್ಜಿಯನ್ನೊಮ್ಮೆ ನೋಡಿದಳು. ಆಮೇಲೆ, "ಸವಾ, ಡಕ್ತಾರಿ. ನೀವು ಹೇಳಿದ ಹಾಗೇ ಆಗಲಿ" ಎಂದಳು.

ನನಗೆ ಆ ಬುದ್ಧಿ ಎಲ್ಲಿಂದ ಬಂತೆಂದು ಚೆನ್ನಾಗಿ ಗೊತ್ತು. ಕೋಲಾರದ ಕಡೆಯ ನಮ್ಮೂರಿನಲ್ಲಿ ಸತ್ತ ದನ ಸುಲಿಯುವುದು ನನ್ನಪ್ಪನ ಕೆಲಸ. ಕರುಳು, ಈಲಿ ನೋಡಿದರೆ ಸಾಕು, ಯಾವ ಕಾಯಿಲೆಯಿಂದ ಸತ್ತಿತೆಂದು ಹೇಳುತ್ತಿದ್ದ. ಪಶುರೋಗದ ನನ್ನ ಮೊದಲ ಪಾಠ ಅದೇ. ಬೆಂಗಳೂರಿನ ಕಾಲೇಜಿನಲ್ಲಿ ಅಪ್ಪನ ಕೆಲಸ ಕೇಳಿದವರಿಗೆ ವ್ಯವಸಾಯ ಎಂದೆ. ನೈರೋಬಿಯ ಕನ್ನಡದವರಿಗೂ ಇವತ್ತಿನವರೆಗೆ ಅದನ್ನೇ ಹೇಳಿಕೊಂಡು ಬಂದಿದ್ದೇನೆ. ಇಂಥವಳು ಇನ್ನೊಬ್ಬರಿಗೆ ದಾರಿ ತೋರಿಸಲು ಹೊರಟಿದ್ದೆ!

ಫೆಲೋಶಿಪ್ ಸಿಗಲಿಲ್ಲ. ಕೆಲಸದ ವಿಧಾನ ಚೆನ್ನಾಗಿದೆ, ಆದರೆ ಈ ಪ್ರಶ್ನೆ ಅರ್ಜಿದಾರರಿಗೆ ಎಲ್ಲಿಂದ ಹುಟ್ಟಿತೆಂದು ತಿಳಿಯುವುದಿಲ್ಲ ಎಂದು ಬರೆದಿದ್ದರು. ಅದಕ್ಕೆ ಉತ್ತರ ನಾನು ತೆಗೆಸಿದ ಪ್ಯಾರಾದಲ್ಲೇ ಇತ್ತು.

ಮುಂದಿನ ಗುರುವಾರ ತಪ್ಪು ಒಪ್ಪಿಕೊಳ್ಳಬೇಕು, ಅಪ್ಪನ ವಿಷಯ ಹೇಳಬೇಕು ಎಂದುಕೊಂಡೇ ಕೂತೆ. ಅವಳ ಹಿಂದೆ ತಗಡಿನ ಗೋಡೆ ಇರಲಿಲ್ಲ. ಕಂಪ್ಯೂಟರಿನಲ್ಲೇ ಸಿಗುವ ಪುಸ್ತಕದ ಕಪಾಟಿನ ಚಿತ್ರವನ್ನು ಹಿನ್ನೆಲೆಗೆ ಹಾಕಿಕೊಂಡಿದ್ದಳು.

"ಸೋಮವಾರದಿಂದ ಕೆಲಸಕ್ಕೆ ಹೋಗ್ತೀನಿ, ಡಕ್ತಾರಿ. ನೀವು ತುಂಬಾ ಕಲಿಸಿದ್ರಿ. ಅಸಾಂಟೆ" ಎಂದು ಧನ್ಯವಾದ ಹೇಳಿದಳು.

"ಅಜ್ಜಿ ಎಲ್ಲಮ್ಮ?"

"ಇಲ್ಲೇ ಕೂತಿದಾರೆ. ನಿಮಗೆ ಕಾಣಲ್ಲ, ಅಷ್ಟೆ."

ಕಪಾಟಿನ ಚಿತ್ರಕ್ಕೇ ಕೈ ಮುಗಿದೆ. ಅಪ್ಪನ ವಿಷಯ ಅವತ್ತೂ ಹೇಳಲಿಲ್ಲ.