ಕಣ್ಣು ಮುಚ್ಚಿಸಿ ಕಲಿಸಿದ ಲಿಫ್ಟಜ್ಜಿ

ನಮ್ಮ ಕಟ್ಟಡದ ಲಿಫ್ಟು ಎಷ್ಟು ನಿಧಾನವೆಂದರೆ, ನೆಲಮಹಡಿಯಲ್ಲಿ ಹಾಲುಗಲ್ಲದ ಹುಡುಗನಾಗಿ ಹತ್ತಿದವನು ಏಳನೆಯ ಮಹಡಿಯಲ್ಲಿ ಮೀಸೆ ತಿರುವಿಕೊಂಡು ಇಳಿಯುತ್ತಾನೆ. ಇದರಲ್ಲಿ ಅರ್ಧ ಸುಳ್ಳು. ಆದರೆ ಇದೇ ಲಿಫ್ಟಿನಲ್ಲಿ ಹನ್ನೊಂದು ಮಕ್ಕಳು ಬರಿಗೈಯಲ್ಲಿ ಹತ್ತಿ, ಕೈಗೊಂದು ಕಸುಬು ಹಿಡಿದುಕೊಂಡು ಇಳಿದದ್ದು ಪೂರ್ತಿ ನಿಜ. ಅವರನ್ನು ಹತ್ತಿಸಿದವಳು ಲಿಫ್ಟಜ್ಜಿ.

ಮೂವತ್ತನಾಲ್ಕು ವರ್ಷ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿದ ಮೆಕ್ಯಾನಿಕ್ ಆಕೆ. ಎಷ್ಟು ತಿಕ್ಕಿದರೂ ಉಗುರಿನಂಚಿನ ಗ್ರೀಸು ಹೋಗಿಲ್ಲ. ಇನ್ನು ಆಕೆಯ ಕಿವಿ! ಏಳನೆಯ ಮಹಡಿಯಲ್ಲಿ ಇರುವೆ ಸೀನಿದರೆ ನೆಲಮಹಡಿಯಲ್ಲಿ ನಿಂತು 'ನೂರು ವರ್ಷ ಬಾಳು' ಅನ್ನುವಂಥ ಕಿವಿ. ನಿವೃತ್ತಿಯಾದ ಮರುವಾರವೇ ಕಟ್ಟಡದ ಸಂಘದವರನ್ನು ಕಾಡಿ ಬೇಡಿ, ಪಂಪಿನ ಕೋಣೆಯ ಪಕ್ಕದ ಉಗ್ರಾಣ ಬಿಡಿಸಿಕೊಂಡಳು. ಒಂದು ಮರದ ಬೆಂಚು, ಹಳೆಯ ಲಿಫ್ಟಿನ ಒಂದು ಬಾಗಿಲು, ಹೊಟ್ಟೆ ಬಗೆದಿಟ್ಟ ಒಂದು ಮೋಟಾರು. ಪ್ರತಿ ಶನಿವಾರ ಹದಿನಾಲ್ಕರಿಂದ ಹದಿನೇಳು ವರ್ಷದ ಮಕ್ಕಳಿಗೆ ಅಲ್ಲಿ ಪಾಠ.

ಆದರೆ ಮೊದಲ ತಿಂಗಳು ಯಾರೂ ಸ್ಪ್ಯಾನರ್ ಮುಟ್ಟುವ ಹಾಗಿಲ್ಲ. ಲಿಫ್ಟು ಹತ್ತಬೇಕು, ಕಣ್ಣು ಮುಚ್ಚಬೇಕು, ಏಳು ಸಲ ಮೇಲೆ ಕೆಳಗೆ ಹೋಗಬೇಕು, ಕೇಳಿದ್ದನ್ನೆಲ್ಲ ಬರೆಯಬೇಕು. ಇಷ್ಟೇ ವಿದ್ಯೆ.

ಮೂರನೆಯ ಮಹಡಿಯ ಗುಮಾಸ್ತರು ಜಗಳಕ್ಕೇ ಬಂದರು. "ಏನಜ್ಜಿ, ನಮ್ಮ ಹುಡುಗ ಒಂದು ತಿಂಗಳಿಂದ ಬರೀ ಮೇಲೆ ಕೆಳಗೆ ಓಡಾಡ್ತಿದಾನೆ. ಇದನ್ನೂ ಪಾಠ ಅಂತಾರಾ?"

"ನೀವು ಇಪ್ಪತ್ತು ವರ್ಷದಿಂದ ಓಡಾಡ್ತಿದೀರಲ್ಲ ಸ್ವಾಮಿ, ನೀವೇನು ಕಲಿತ್ರಿ?"

ಗುಮಾಸ್ತರು ಅವತ್ತಿನಿಂದ ಮೆಟ್ಟಿಲು ಹತ್ತತೊಡಗಿದರು.

ಆ ಮಕ್ಕಳಲ್ಲಿ ಒಬ್ಬಳು ಗುಬ್ಬಿ, ಬೀದಿಯ ಮೂಲೆಯ ಲಾಂಡ್ರಿಯವಳ ಮಗಳು. ಮೈಯೆಲ್ಲ ಸೇರಿಸಿ ತೂಗಿದರೂ ಒಂದು ಒದ್ದೆ ಕಂಬಳಿಯಷ್ಟು ಭಾರವಿರಲಿಲ್ಲ. ಮಾತಂತೂ ಅದಕ್ಕಿಂತ ಕಡಿಮೆ. ಮೂರನೆಯ ಶನಿವಾರ ಅವಳು ಲಿಫ್ಟಿನಿಂದ ಇಳಿದು ಮೆಲ್ಲಗೆ ಹೇಳಿದಳು: "ಅಜ್ಜಿ, ನಾಲ್ಕು ದಾಟೋವಾಗ ಟಿಕ್ ಅನ್ನುತ್ತೆ. ಹತ್ತೋವಾಗ ಮಾತ್ರ. ಇಳಿಯೋವಾಗ ಇಲ್ಲ."

ಲಿಫ್ಟಜ್ಜಿ ಲಿಫ್ಟು ನಿಲ್ಲಿಸಿ, ಟಾರ್ಚು ಹಿಡಿದು ಹುಡುಕಿದಳು. ನಾಲ್ಕನೆಯ ಮಹಡಿಯ ಬಾಗಿಲ ಹಿಂದೆ ಒಂದು ಸ್ಕ್ರೂ ಕೂದಲೆಳೆಯಷ್ಟು ಸಡಿಲಾಗಿತ್ತು. ನನ್ನ ಮನೆ ಅದೇ ನಾಲ್ಕನೆಯ ಮಹಡಿಯಲ್ಲಿ! ದಿನಕ್ಕೆ ನಾಲ್ಕು ಸಲ ಆ ಟಿಕ್ಕಿನ ಪಕ್ಕದಲ್ಲೇ ಹಾದುಹೋಗುವ ನನ್ನ ಎರಡು ಕಿವಿ ಕನ್ನಡಕ ಸಿಕ್ಕಿಸಲಿಕ್ಕಷ್ಟೇ ಇದ್ದವೆಂದು ಅವತ್ತು ಗೊತ್ತಾಯಿತು. ಹದಿನೈದರ ಹುಡುಗಿಯೆದುರು ನಾನು ಬಾಯಿ ಬಿಟ್ಟುಕೊಂಡು ನಿಂತೆ.

ಎರಡು ವರ್ಷ ಗುಬ್ಬಿ ಒಂದು ಶನಿವಾರವೂ ತಪ್ಪಿಸಲಿಲ್ಲ. ಅಷ್ಟರಲ್ಲಿ ಲಿಫ್ಟು ಕಂಪನಿಯ ತರಬೇತಿ ಕೇಂದ್ರದಿಂದ ಪ್ರವೇಶ ಪರೀಕ್ಷೆಗೆ ಕರೆ ಬಂತು. ಇರುವುದು ಎರಡು ಜಾಗ, ಹದಿನೆಂಟು ತುಂಬಿದವರಿಗೆ ಬಾಗಿಲು ಬಂದ್. ಗುಬ್ಬಿಗೆ ಹದಿನೆಂಟು ತುಂಬಲು ಉಳಿದದ್ದು ಒಂದೇ ತಿಂಗಳು. ಅವಳ ತಾಯಿ ಇಸ್ತ್ರಿಪೆಟ್ಟಿಗೆ ಕೆಳಗಿಡದೆ ಹೇಳಿದಳು: "ನೋಡಿ ಅಜ್ಜಿ, ಡಬ್ಬ ಕಟ್ಟೋ ಕಾರ್ಖಾನೇಲಿ ಸೋಮವಾರದಿಂದ ಕೆಲಸಕ್ಕೆ ಬಾ ಅಂದಿದಾರೆ. ನಿಮ್ಮ ಪರೀಕ್ಷೆ ಶುಕ್ರವಾರ. ಪಾಸಾದ್ರೆ ಆಯ್ತು. ಆಗದೆ ಇದ್ರೆ ಸೋಮವಾರ ಇವಳು ಡಬ್ಬ ಕಟ್ತಾಳೆ. ಆಮೇಲೆ ಲಿಫ್ಟು ಗಿಫ್ಟು ಅನ್ನೋ ಮಾತಿಲ್ಲ."

ಶುಕ್ರವಾರ ನಾನೂ ಜೊತೆಗೆ ಹೋದೆ. ಕೇಂದ್ರದಲ್ಲಿ ಮೂರು ಮಹಡಿಯ ಪರೀಕ್ಷೆಯ ಲಿಫ್ಟು. ಅದರಲ್ಲಿ ಬೇಕೆಂದೇ ಮೂರು ದೋಷ ಅಡಗಿಸಿಟ್ಟಿರುತ್ತಾರೆ. ಇಪ್ಪತ್ತು ನಿಮಿಷದಲ್ಲಿ ಹುಡುಕಿ ಬರೆಯಬೇಕು. ಜೊತೆಗೆ ಬಂದವರು ಗಾಜಿನಾಚೆ ಕೂತು ನೋಡಬಹುದು. ಗುಬ್ಬಿಗಿಂತ ಮೊದಲು ಹೋದವರು ಟಾರ್ಚು, ಕನ್ನಡಿ, ಅಳತೆ ಪಟ್ಟಿ ಹಿಡಿದು ಲಿಫ್ಟಿನ ಮೂಳೆ ಮೂಳೆ ಎಣಿಸಿದರು. ಗುಬ್ಬಿ ಬರಿಗೈಯಲ್ಲಿ ಒಳಗೆ ಹೋದಳು, ಗುಂಡಿ ಒತ್ತಿದಳು, ಕಣ್ಣು ಮುಚ್ಚಿದಳು.

ಐದು ನಿಮಿಷ. ಹತ್ತು ನಿಮಿಷ. ಲಿಫ್ಟು ಹತ್ತುತ್ತದೆ, ಇಳಿಯುತ್ತದೆ, ಬಾಗಿಲು ತೆರೆದಾಗಲೆಲ್ಲ ಅದೇ ಮುಚ್ಚಿದ ಕಣ್ಣು.

"ಈ ಮಗೂಗೆ ನಿದ್ದೆ ಬಂತಾ?" ಎಂದರು ಪರೀಕ್ಷಕರು.

"ಶ್ಶ್! ಅವಳು ಕೆಲಸ ಮಾಡ್ತಿದಾಳೆ," ಎಂದಳು ಲಿಫ್ಟಜ್ಜಿ. ನನ್ನ ಅಂಗೈ ಬೆವರಿನಲ್ಲಿ ಬಟ್ಟೆ ಒಗೆಯಬಹುದಿತ್ತು.

ಹದಿನೆಂಟನೆಯ ನಿಮಿಷಕ್ಕೆ ಗುಬ್ಬಿ ಹೊರಗೆ ಬಂದು ಮೂರು ಸಾಲು ಬರೆದುಕೊಟ್ಟಳು. ಪರೀಕ್ಷಕರು ಓದಿದರು. "ಬಾಗಿಲ ಉರುಳೆ ಸಡಿಲ, ಸರಿ. ಎಡಗಡೆ ಕಂಬಿಗೆ ಎಣ್ಣೆ ಇಲ್ಲ, ಸರಿ. ಮೇಲಿನ ಹಗ್ಗದ ಚಕ್ರದ ಬೇರಿಂಗ್ ಸವೆದಿದೆ... ಇದ್ಯಾವುದು? ಇದನ್ನ ನಾವು ಇಟ್ಟೇ ಇಲ್ಲ. ನಾವಿಟ್ಟ ಮೂರನೇದು ಒಳಗೆ ಮಹಡಿ ನಂಬರು ತೋರಿಸೋ ದೀಪ, ಅದು ಉರೀತಾನೇ ಇಲ್ಲ. ಎರಡು ವರ್ಷದ ಮಗೂಗೂ ಕಾಣುತ್ತೆ. ನಿನಗೆ ಕಾಣಲಿಲ್ವಾ?"

ಗುಬ್ಬಿಯ ಮುಖ ಹಿಂಡಿದ ಬಟ್ಟೆಯಾಯಿತು. "ಕಣ್ಣು ಮುಚ್ಚಿದ್ದೆ ಸಾರ್."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ. ದೀಪ ಕಾಣಲಿಲ್ಲ, ಇಲ್ಲದ ಬೇರಿಂಗ್ ಕಂಡಿತಾ?"

ಲಿಫ್ಟಜ್ಜಿ ಬೇಡಲೂ ಇಲ್ಲ, ವಾದಿಸಲೂ ಇಲ್ಲ. ಎದ್ದು ಹೋಗಿ ಗಾಜಿನ ಬಾಗಿಲು ತೆಗೆದಳು. "ದೀಪದ್ದು ಅವಳ ತಪ್ಪಲ್ಲ, ನನ್ನದು. ಕಣ್ಣು ಮುಚ್ಚೋದು ಕಲಿಸಿದೆ, ಬಿಡೋದು ಕಲಿಸೋಕೆ ಮರೆತೆ. ಬೇರಿಂಗ್ ಮಾತ್ರ ನೀವೇ ಕೇಳಿ ನೋಡಿ. ಕಣ್ಣು ಮುಚ್ಕೊಳ್ಳಿ. ಮೂರು ಸಲ."

ನಗುತ್ತಲೇ ಹೋದ ಪರೀಕ್ಷಕರು ಮೊದಲ ಸಲ ಇಳಿದಾಗಲೂ ನಗುತ್ತಿದ್ದರು. ಎರಡನೆಯ ಸಲ ನಗು ಅರ್ಧವಾಗಿತ್ತು. ಮೂರನೆಯ ಸಲ ಬಾಗಿಲು ತೆರೆದರೂ ಅವರು ಹೊರಗೆ ಬರಲಿಲ್ಲ, ಕಣ್ಣು ಬಿಡಲಿಲ್ಲ. ತಲೆ ಒಂದು ಕಡೆಗೆ ವಾಲಿಸಿ, ದೂರದಿಂದ ಯಾರೋ ಕರೆದ ಹಾಗೆ ನಿಂತಿದ್ದರು. ಆಮೇಲೆ ಮೆಕ್ಯಾನಿಕ್‌ನನ್ನು ಕೂಗಿ ಮೇಲಿನ ಮೋಟಾರು ಕೋಣೆ ತೆಗೆಸಿದರು. ಲಿಫ್ಟು ನಿಲ್ಲಿಸಿ ಆ ದೊಡ್ಡ ಚಕ್ರ ಹಿಡಿದು ಅಲುಗಿಸಿದರೆ ಅದು ಏಳು ವರ್ಷದ ಹುಡುಗನ ಮುಂದಿನ ಹಲ್ಲಿನ ಹಾಗೆ ಅಲ್ಲಾಡಿತು.

ಮೂರು ಮಹಡಿ ಮೇಲೆ, ಗೋಡೆಯಾಚೆ, ಕಬ್ಬಿಣದೊಳಗೆ ಕಬ್ಬಿಣ ಸವೆಯುವ ಸದ್ದನ್ನು ಈ ಒದ್ದೆ ಕಂಬಳಿಯಷ್ಟು ಹುಡುಗಿ ಕೇಳಿದ್ದಳು. ನಾನು ಜೀವಮಾನವೆಲ್ಲ ಉಬ್ಬಿಸಿ ಹೇಳಿಕೊಂಡೇ ಬಂದವನು. ಇದನ್ನು ಉಬ್ಬಿಸಲು ನನ್ನಲ್ಲಿ ಗಾಳಿಯೇ ಉಳಿದಿರಲಿಲ್ಲ.

ಅಂಕಪಟ್ಟಿಯಲ್ಲಿ ಇದ್ದದ್ದು ಮೂರೇ ಸಾಲು. ಪರೀಕ್ಷಕರು ಸ್ಕೇಲು ತರಿಸಿ, ಕೆಳಗೆ ತಮ್ಮ ಕೈಯಾರೆ ನಾಲ್ಕನೆಯ ಗೆರೆ ಎಳೆದು, ಬೇರಿಂಗ್ ಎಂದು ಬರೆದು ಪೂರ್ತಿ ಅಂಕ ಕೊಟ್ಟರು. ದೀಪದ ಸಾಲಿಗೆ ಮಾತ್ರ ಸೊನ್ನೆಯೇ. ಮೂರೂ ಹುಡುಕಿದ ಒಬ್ಬ ಹುಡುಗನಿಗೂ ಗುಬ್ಬಿಗೂ ಆ ಎರಡು ಜಾಗ ಸಂದವು.

ಹಿಂದಿರುಗಿ ಬಸ್ಸಿನಿಂದ ಇಳಿಯುವಾಗ ಲಿಫ್ಟಜ್ಜಿ ಗುಬ್ಬಿಯ ತಲೆಗೊಂದು ಮೊಟಕಿದಳು. "ದೀಪ ಕಾಣಲಿಲ್ಲ ಅಂತೀಯಲ್ಲೇ, ಕತ್ತೆ!" ಎಂದವಳೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸೋಮವಾರ ಗುಬ್ಬಿ ಕಂಪನಿಯ ನೀಲಿ ಸಮವಸ್ತ್ರ ತೊಟ್ಟು ಹೊರಟಳು. ಅವಳ ತಾಯಿ ಅದಕ್ಕೆ ಹೊಡೆದ ಇಸ್ತ್ರಿಯ ಗೆರೆಯಲ್ಲಿ ಹಣ್ಣು ಕೊಯ್ಯಬಹುದಿತ್ತು. ಈಗ ಉಗ್ರಾಣದ ಪಾಠಕ್ಕೆ ಲಿಫ್ಟಿನ ಎಂಟನೆಯ ಸುತ್ತು ಸೇರಿದೆ: ಏಳು ಸಲ ಕಣ್ಣು ಮುಚ್ಚಿ, ಒಂದು ಸಲ ಕಣ್ಣು ಬಿಟ್ಟು. ಆ ಎಂಟನೆಯದರ ಪಾಠ ಲಿಫ್ಟಜ್ಜಿಯದಲ್ಲ. ಶನಿವಾರ ರಜೆಯಿದ್ದಾಗ ಬಂದು ಗುಬ್ಬಿಯೇ ಮಾಡುತ್ತಾಳೆ. ಪಾಠ ಶುರುವಾಗುವುದು ದೀಪದಿಂದ.