ಶಾಂತಕುಮಾರಿಯವರ ಧನ್ಯವಾದ ಭಾಷಣ

ಶಾಂತಕುಮಾರಿಯವರನ್ನು ನಾನು ಮೊದಲು ನೋಡಿದ್ದು ಹಲಸೂರಿನ ಡಯಾಲಿಸಿಸ್ ಕೇಂದ್ರದಲ್ಲಿ, ಒಂದು ಮಂಗಳವಾರ ಬೆಳಿಗ್ಗೆ ಎಂಟೂವರೆಗೆ. ಮೂರನೇ ಮಂಚ. ಎಡಗೈಯಿಂದ ಎರಡು ಕೊಳವೆಗಳು ಮಿಷನ್ನಿಗೆ ಹೋಗಿದ್ದವು. ಬಲಗೈಯಲ್ಲಿ ನಾಲ್ಕು ಮಡಿಕೆ ಮಾಡಿದ ಪತ್ರಿಕೆ. ಬಾಯಲ್ಲಿ ಒಂದು ಚೂರು ಐಸು. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಮಿತಿ ಹಾಕಿದ ರೋಗಿಗಳು ಬಾಯಾರಿಕೆಯನ್ನು ಹೀಗೆ ತಡೆದುಕೊಳ್ಳುತ್ತಾರೆಂದು ನನಗೆ ಅಂದೇ ತಿಳಿದದ್ದು. ಕೇಂದ್ರ ನಡೆಸುವ ಟ್ರಸ್ಟಿಗೆ ನಾನು ಹೊಸದಾಗಿ ಸೇರಿದ್ದೆ. ಮಿಷನ್ನುಗಳನ್ನು ಕೊಟ್ಟದ್ದು ಒಂದು ತೈಲ ಕಂಪನಿ. ಅವರ ವಾರ್ಷಿಕ ವರದಿಗೆ ರೋಗಿಗಳ ಕಥೆ ಬರೆಯುವುದು ನನ್ನ ಕೆಲಸ.

“ಯಾವೂರು ತಮ್ಮಾ?” ಎಂದರು.

“ಮಧುಗಿರಿ ಹತ್ರ ಒಂದು ಹಳ್ಳಿ ಅಕ್ಕಾ.”

“ಹಂಗಾದ್ರೆ ನೀನಾದ್ರೂ ನೆಟ್ಟಗೆ ಬರಿ. ಹೋದ್ಸಲದ ಹುಡುಗಿ ನಾನು ಕಣ್ಣೀರು ಹಾಕ್ದೆ ಅಂತ ಬರ್ದಿದ್ಲು. ಅವತ್ತು ನಾನು ನಿದ್ದೆ ಹೊಡೀತಿದ್ದೆ.”

ಗರುಡಾಚಾರ್‌ಪಾಳ್ಯದ ಗಾರ್ಮೆಂಟ್ಸಿನಲ್ಲಿ ಹದಿನಾರು ವರ್ಷ ಶರ್ಟಿನ ಕಾಲರ್ ಹೊಲಿದವರು ಅವರು. ಬಿ.ಪಿ.ಯಿಂದ ಕಿಡ್ನಿ ಕೆಟ್ಟ ಮೇಲೆ ಕೆಲಸ ಬಿಟ್ಟರು. ಗಂಡ ಚಿನ್ನಪ್ಪ ಆಟೋ ಓಡಿಸುತ್ತಾರೆ. ಮನೆ ಜೋಗುಪಾಳ್ಯದಲ್ಲಿ. ವಾರಕ್ಕೆ ಎರಡು ಸಲ ಆ ಮಂಚ ಸಿಕ್ಕರೆ ಮಾತ್ರ ಅವರ ಜೀವ ಉಳಿಯುವುದು. ಯಾರಿಗೆ ಮಂಚ ಎಂಬ ಪಟ್ಟಿ ಕಂಪನಿಯ ಒಪ್ಪಿಗೆಯ ಮೇಲೆ ಪ್ರತಿ ಏಪ್ರಿಲ್‌ನಲ್ಲಿ ಹೊಸದಾಗುತ್ತಿತ್ತು.

ಕೇಂದ್ರದಲ್ಲಿ ಒಂದು ಪದ್ಧತಿಯಿತ್ತು. ಮಾರ್ಚಿನಲ್ಲಿ ಕಂಪನಿಯವರು ಬಂದಾಗ ರೋಗಿಗಳಲ್ಲಿ ಒಬ್ಬರು ಹೂಗುಚ್ಛ ಕೊಟ್ಟು ಧನ್ಯವಾದ ಹೇಳಬೇಕು. ಆ ವರ್ಷ ಶಾಂತಕುಮಾರಿಯವರ ಸರದಿ. ಭಾಷಣವನ್ನು ನಾನೇ ಬರೆದು ಎರಡು ದಿನ ತಿದ್ದಿದ್ದೆ. ಅಂದು ಕಂಪನಿಯವರೆದುರು ಅವರು ಮೊದಲ ಸಾಲು ಓದಿ, ಕಾಗದವನ್ನು ಮಡಿಸಿಬಿಟ್ಟರು.

“ಮಿಷನ್ನಿಗೆ ಥ್ಯಾಂಕ್ಸ್ ಸಾರ್. ಈ ವರ್ಷ ನಿಮ್ಗೆ ಲಾಭ ಎರಡರಷ್ಟಾಗಿದೆ ಅಂತ ಪೇಪರಲ್ಲಿ ಓದ್ದೆ. ಇಲ್ಲಿ ಮಿಷನ್ ಮಾತ್ರ ಅವೇ ನಾಲ್ಕು. ಮರ್ಫಿ ಟೌನ್ ಮಾರಕ್ಕ ಪಾಳಿ ಕಾಯ್ತಾ ಕಾಯ್ತಾ ಹೋದ ತಿಂಗಳು ತೀರ್ಕೊಂಡ್ಲು. ನಿಮ್ಮ ಲಾಭಕ್ಕೆ ಸರ್ಕಾರ ಇನ್ನೂ ಜಾಸ್ತಿ ತೆರಿಗೆ ಹಾಕ್ಬೇಕು ಸಾರ್.”

ಫೋಟೋದವನು ಕ್ಯಾಮೆರಾ ಇಳಿಸಿದ. ಕಂಪನಿಯ ಅಧಿಕಾರಿ ಮಾತ್ರ ನಗುತ್ತಲೇ ಕೇಳಿದರು: “ಸರ್ಕಾರಕ್ಕೆ ಕೊಟ್ರೆ ಅದು ಆಸ್ಪತ್ರೆಗೇ ಬರುತ್ತೆ ಅಂತ ಏನಮ್ಮಾ ಗ್ಯಾರಂಟಿ?”

“ಇಲ್ಲ ಸಾರ್. ಆದ್ರೆ ಬರದಿದ್ರೆ ಹೋಗಿ ಗಲಾಟೆ ಮಾಡ್ಬೋದು, ವೋಟ್ ಹಾಕ್ತೀನಲ್ಲ. ನಿಮ್ಮತ್ರ ಗಲಾಟೆ ಮಾಡೋಕಾಗುತ್ತಾ?”

ತೆರಿಗೆಯ ಬಗ್ಗೆ ನಾನು ಬಿ.ಕಾಂ.ನಲ್ಲಿ ಮೂರು ವರ್ಷ ಓದಿದ್ದೆ. ಇದನ್ನು ಯಾವ ಮೇಷ್ಟರೂ ಹೇಳಿಕೊಟ್ಟಿರಲಿಲ್ಲ.

ಹೊರಗೆ ಚಿನ್ನಪ್ಪ ಹಣೆ ಚಚ್ಚಿಕೊಂಡರು. “ಕಿಡ್ನಿಗಲ್ಲ, ನಿನ್ ಬಾಯಿಗೆ ಮಾಡಿಸ್ಬೇಕಿತ್ತು ಡಯಾಲಿಸಿಸ್ಸು!”

“ಆಟೋ ಗ್ಯಾಸ್ ರೇಟ್ ಏರ್ದಾಗ ಬೀದಿಗೆಲ್ಲ ಕೇಳೋ ಹಂಗೆ ಇದೇ ಕಂಪನಿಯೋರ್ನ ಬೈಯೋನು ನೀನೇ ತಾನೇ?” ಎಂದು ಅವರು ಆಟೋ ಹತ್ತಿದರು.

ಏಪ್ರಿಲ್ ಪಟ್ಟಿ ಬಂತು. ಮೇಲಿನಿಂದ ಕೆಳಗೆ ಮೂರು ಸಲ ಓದಿದೆ. ಶಾಂತಕುಮಾರಿಯವರ ಹೆಸರಿರಲಿಲ್ಲ. ಮ್ಯಾನೇಜರನ್ನು ಕೇಳಿದರೆ, “ಈ ಸಲ ದೂರದವರಿಗೆ ಆದ್ಯತೆ” ಎಂದರು, ತಲೆ ಎತ್ತದೆ. ಒಂದು ಭಾಷಣಕ್ಕೆ ಒಬ್ಬರ ಉಸಿರನ್ನೇ ಪಟ್ಟಿಯಿಂದ ತೆಗೆಯಬಹುದೆಂದು ನಾನು ಎಂದೂ ಎಣಿಸಿರಲಿಲ್ಲ. ಫೋನ್ ಮಾಡಿ ತಿಳಿಸುವ ಕೆಲಸವೂ ನನ್ನದೇ ಆಯಿತು.

“ನನ್ ಮಂಚ ಯಾರಿಗೆ ಕೊಟ್ರು?”

“ಕೆ.ಆರ್. ಪುರದ ಹುಡುಗಿ ಅಕ್ಕಾ, ರಮ್ಯಶ್ರೀ ಅಂತ.”

“ಕಾಯ್ತಿದ್ಲಾ?”

“ಎಂಟು ತಿಂಗಳಿಂದ.”

“ಸರಿ ಬಿಡು.” “ಭಯ ಆಗ್ತಿದೆ ತಮ್ಮಾ,” ಎಂದರು ಆಮೇಲೆ.

ಸರ್ಕಾರಿ ಆಸ್ಪತ್ರೆಯಲ್ಲಿ ಪಾಳಿ ಸಿಗಲು ಹನ್ನೊಂದು ದಿನ ಹಿಡಿಯಿತು. ಅಷ್ಟರಲ್ಲಿ ಅವರ ಮುಖ, ಕಾಲು ಊದಿಕೊಂಡಿದ್ದವು. ಬದುಕಿಕೊಂಡರು.

ಈಗ ಶಾಂತಕುಮಾರಿಯವರು ಮಂಗಳವಾರ, ಶುಕ್ರವಾರ ಬೆಳಿಗ್ಗೆ ಐದಕ್ಕೆ ಹೊರಟು ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಕೂರುತ್ತಾರೆ. ಉಳಿದ ದಿನಗಳಲ್ಲಿ ಮನೆಯಲ್ಲೇ ಸೀರೆಗಳಿಗೆ ಫಾಲ್ ಹೊಲಿಯುತ್ತಾರೆ.