ಹುಳ ಹಣ್ಣಾದ ದಿನದ ಎದೆನೋವು

ನಮ್ಮ ಕಡೆ ರೇಷ್ಮೆ ಹುಳ ಹಣ್ಣಾಯಿತೆಂದರೆ ಮುಗಿಯಿತು, ಮನೆಯಲ್ಲಿ ಯಾರಿಗೂ ಕಾಯಿಲೆ ಬರುವ ಹಾಗಿಲ್ಲ. ಸೊಪ್ಪು ಬಿಟ್ಟು ಮೈ ಹಳದಿಯಾದ ಹುಳಗಳನ್ನು ಆಯ್ದು ಗೂಡು ಕಟ್ಟಲೆಂದು ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗೆ ಹಾಕಬೇಕು. ತಡಮಾಡಿದರೆ ತಟ್ಟೆಯ ಕಸದಲ್ಲೇ ಗೂಡು ಕಟ್ಟಿ ಕೆಡುತ್ತವೆ. ನಾನು ಚನ್ನಪಟ್ಟಣಕ್ಕೆ ಕೊಟ್ಟ ಹೆಣ್ಣು. ಆದರೂ ಪ್ರತಿ ಬೆಳೆಗೂ ಆ ಒಂದು ದಿನಕ್ಕೆಂದೇ ರಾಮನಗರ–ಕನಕಪುರ ರಸ್ತೆಯ ಪಕ್ಕದ ತವರಿಗೆ ಹೋಗುತ್ತೇನೆ.

ಹೋದ ವರ್ಷ ಅಂಥದೊಂದು ಬೆಳಿಗ್ಗೆ ನನ್ನ ತಮ್ಮ, ಇನ್ನೂ ಮೂವತ್ತೆರಡರ ಗಂಡಸು, ಕೈಲಿದ್ದ ತಟ್ಟೆ ಕೆಳಗಿಟ್ಟು ಗೋಡೆಗೆ ಒರಗಿದ. ಎದೆ ಹಿಂಡಿದಂತಾಗುತ್ತಿದೆ, ಎಡತೋಳು ಸೆಳೆಯುತ್ತಿದೆ ಎಂದ. ಮೈಯೆಲ್ಲ ಬೆವರು. ಆಸ್ಪತ್ರೆಗೆ ನಡಿ ಎಂದೆ. ನಮ್ಮ ಚಿಕ್ಕಪ್ಪನಿಗೆ ನಗು. ಹುಳದ ಮನೆಗೆ ಹಾಕಿದ ಬ್ಲೀಚಿಂಗ್ ಪೌಡರಿನ ಘಾಟು ಎದೆಗೆ ಹತ್ತಿದೆ, ತೋಳುನೋವು ಸೊಪ್ಪಿನ ಹೊರೆ ಹೊತ್ತದ್ದು ಎಂದು ತಾವೇ ಡಾಕ್ಟರಾದರು. ಅವ್ವ ನಿಂಬೆಹಣ್ಣಿನ ಸೋಡಾ ತರಿಸಿದಳು.

"ಹುಳ ಚಂದ್ರಿಕೆ ಹತ್ಲಿ ಕಣ್ಲಾ, ಆಮೇಕೆ ಎಲ್ಲಿಗಾದ್ರೂ ಹೋಗೀವಂತೆ," ಎಂದರು ಚಿಕ್ಕಪ್ಪ.

ರಂಪ ಮಾಡಿ ಅವನನ್ನು ನನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಅಲ್ಲಿನ ಡಾಕ್ಟರು ತಮ್ಮನ ಮುಖ ನೋಡಿದರು, ಅಷ್ಟೆ. ಈ ವಯಸ್ಸಿಗೆ ಹಾರ್ಟ್ ಗೀರ್ಟ್ ಏನೂ ಇರಲ್ಲ, ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಚುಚ್ಚಿ ಕಳಿಸಿದರು. ಇಸಿಜಿ ಮಾಡಿ ಸಾರ್ ಎಂದದ್ದಕ್ಕೆ, ಮೊಬೈಲ್ ನೋಡಿಕೊಂಡು ಬಂದಿರಾ ಎಂದು ಹಂಗಿಸಿದರು. ಇಸಿಜಿ ಮೆಷಿನ್ನು ಅದೇ ಕೋಣೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು! ನೆನೆದರೆ ಈಗಲೂ ಮೈ ಉರಿಯುತ್ತದೆ.

ಏನೂ ಇಲ್ಲವೆಂದು ಡಾಕ್ಟರೇ ಹೇಳಿದ ಮೇಲೆ ತಮ್ಮ ಮತ್ತೆ ಹುಳದ ಮನೆ ಸೇರಿದ. ಸಂಜೆ, ತುಂಬಿದ ಚಂದ್ರಿಕೆಯೊಂದನ್ನು ಹೊರಗೆ ನಿಲ್ಲಿಸುವಾಗ ಕುಸಿದುಬಿದ್ದ. ರಾಮನಗರದಲ್ಲಿ ಇಸಿಜಿ, ಅಲ್ಲಿಂದ ಆಂಬುಲೆನ್ಸಿನಲ್ಲಿ ಬೆಂಗಳೂರು, ಸ್ಟೆಂಟು. ಜೀವವೇನೋ ಉಳಿಯಿತು. ಆದರೆ ಬೆಳಿಗ್ಗೆಯೇ ಬಂದಿದ್ದರೆ ಉಳಿಸಬಹುದಿದ್ದ ಹೃದಯದ ಒಂದು ಭಾಗ ಸತ್ತಿದೆ, ಪಂಪಿಂಗ್ ಕಡಿಮೆಯಾಗಿದೆ, ಇನ್ನು ಭಾರ ಎತ್ತುವಂತಿಲ್ಲ ಎಂದರು ಅಲ್ಲಿನ ಡಾಕ್ಟರು. ನೋಡಲು ಬಂದ ನೆಂಟರೋ, ಕುಡಿಯುತ್ತಿದ್ದನಾ, ಸೇದುತ್ತಿದ್ದನಾ ಎಂದು ವಿಚಾರಣೆಗೆ ಕೂತರು. ಎರಡೂ ಇಲ್ಲದವನಿಗೂ ಬರುತ್ತದೆ ಎಂದರೆ ಒಬ್ಬರೂ ನಂಬಲಿಲ್ಲ. ಚಿಕ್ಕಪ್ಪ ಎಳನೀರು ಹಿಡಿದು ಬಂದವರು, ಈ ಸಲ ಗೂಡು ಬಲು ಚೆನ್ನಾಗಿ ಬಂತು ಎಂದು ಅವನಿಗೆ ಸಮಾಧಾನ ಹೇಳಿದರು. ಆ ಎಳನೀರು ಅವರ ತಲೆಯ ಮೇಲೇ ಸುರಿಯಬೇಕು ಅನ್ನಿಸಿತು ನನಗೆ.

ಈಚೆಗೆ ಇನ್ನೊಂದು ಬೆಳೆ ಹಣ್ಣಾಯಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುವ ತಮ್ಮ ಜಗಲಿಯ ಮೇಲೆ ಕೂತಿದ್ದ. ಹುಳದ ಮನೆಯಿಂದ ಹೊರಬಂದ ಅವನ ಹೆಂಡತಿ ಎದೆ ಒತ್ತಿಕೊಂಡು, ಏನಿಲ್ಲ, ಒಸಿ ಘಾಟು ಎಂದಳು. ಅವನು ಎದ್ದು, ಅವಳ ಕೈಯ ತಟ್ಟೆ ಕಿತ್ತು ಪಕ್ಕಕ್ಕಿಟ್ಟು, ಆಟೋ ಕರೆಸಿದ. ಮೂವರೂ ರಾಮನಗರಕ್ಕೆ ಹೋದೆವು. ಇಸಿಜಿ, ರಕ್ತಪರೀಕ್ಷೆ ಎಲ್ಲ ಮಾಡಿ, ಹೃದಯಕ್ಕೆ ಏನೂ ಆಗಿಲ್ಲ ಎಂದು ಹೊತ್ತು ಇಳಿಯುವಾಗ ಕಳಿಸಿದರು.

ಅಷ್ಟರಲ್ಲಿ ಅರ್ಧಕ್ಕರ್ಧ ಹುಳ ತಟ್ಟೆಯಲ್ಲೇ ಗೂಡು ಕಟ್ಟಿ ಕೆಟ್ಟಿದ್ದವು. ಅಂಗಳದಲ್ಲಿ ಕಾಯುತ್ತಿದ್ದ ಚಿಕ್ಕಪ್ಪ, ಏನೂ ಇಲ್ಲದ್ದಕ್ಕೆ ಬೆಳೆ ಹಾಳುಮಾಡಿದಿರಿ ಎಂದು ಹರಿಹಾಯ್ದರು. ನಾನು ಬಾಯಿ ತೆರೆಯುವ ಮೊದಲೇ ತಮ್ಮ, ಹೆಂಡತಿಯ ಭುಜ ಹಿಡಿದು ಮೆಟ್ಟಿಲು ಹತ್ತುತ್ತಿದ್ದವನು, ನಿಂತು ಉಸಿರು ತೆಗೆದುಕೊಂಡ.

"ಏನೂ ಇಲ್ಲ ಅಂತ ತಿಳ್ಕಳಕ್ಕೇ ಹೋಗಿದ್ದು, ಚಿಕ್ಕಪ್ಪ. ನಂಗೆ ಅವತ್ತು ಐತೋ ಇಲ್ವೋ ತಿಳ್ಕಳಕ್ಕೆ ಯಾರೂ ಬುಡ್ನಿಲ್ಲ."